ಅಕ್ಕಿಯಲ್ಲಿ ಬರೆದ ಹೆಸರು

ವೀಸಾ ಸಿಕ್ಕಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷಕ್ಕೂ ಮಿಕ್ಕಿ ಕಾದವಳು ನಾನು; ಕಾಯುವುದು ಎಂಥ ಹಿಂಸೆ ಎಂದು ಗೊತ್ತಿದ್ದೂ ಓದುವವರನ್ನು ಯಾಕೆ ಕಾಯಿಸಲಿ? ಆದರೆ ಅದು ಇನ್ನೇನು ಕೈತಪ್ಪಿತು ಎನ್ನುವ ತನಕ ಹೋಗಿತ್ತು, ಹಾಗೆ ಹೋದದ್ದು ನನ್ನಿಂದಲೇ. ಈ ಎರಡನೆಯ ಮಾತನ್ನು ನಾನು ಬಹಳ ದಿನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನನ್ನ ತಂದೆ ವಿಜಾಪುರದ ಕಡೆಯಿಂದ ಪುಣೆಗೆ ಬಂದು ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಪುಣೆಯಲ್ಲಿಯೇ. ಮದುವೆಯ ಹೊತ್ತಿಗೆ ಅಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನನ್ನ ಗಂಡ ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವರು. ಅವರ ಅಕ್ಕ ಅಮೆರಿಕದಲ್ಲಿದ್ದರು. ತಮ್ಮ ಇನ್ನೂ ಓದುತ್ತಿದ್ದಾಗ ಆ ಅಕ್ಕ ಅವನನ್ನು ಕರೆಸಿಕೊಳ್ಳಲು ಹಾಕಿಟ್ಟಿದ್ದ ಅರ್ಜಿ, ಮನೆಮಂದಿಯೆಲ್ಲ ಅದನ್ನು ಮರೆತ ಮೇಲೆ, ತೊಂಬತ್ತರ ದಶಕದ ಒಂದು ದಿನ ಫಲ ಕೊಟ್ಟಿತು. ಅವರು ಹೋಗಿ ಅಲ್ಲಿ ಲಿಫ್ಟಿನ ಬಿಡಿಭಾಗ ಮಾಡುವ ವರ್ಕ್‌ಶಾಪ್ ಸೇರಿದರು. ವರ್ಷ ಕಳೆದ ಮೇಲೆ ಆರು ವಾರ ರಜೆ ಹಾಕಿ ಮದುವೆಯಾಗಲು ಬಂದರು.

ತಪ್ಪಾದದ್ದು ಅಲ್ಲಿಯೇ ಎಂದು ನಮಗೆ ತಿಳಿದದ್ದು ಆಮೇಲೆ. ಅವರು ವಿಮಾನ ಹತ್ತುವ ಮೊದಲೇ ತಾಳಿ ಕಟ್ಟಿದ್ದರೆ ಇಬ್ಬರೂ ಒಟ್ಟಿಗೆ ಹೋಗಬಹುದಿತ್ತಂತೆ. ಹೋಗಿ ಬಂದು ಕಟ್ಟಿದ್ದರಿಂದ ಹೆಂಡತಿ ಸರತಿಯಲ್ಲಿ ನಿಲ್ಲಬೇಕು, ಆ ಸರತಿ ಎಷ್ಟು ವರ್ಷದ್ದು ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಸರತಿಯಲ್ಲಿ ನಿಂತವಳು ನಾಲ್ಕು ದಿನ ನೋಡಿ ಬರುತ್ತೇನೆಂದರೂ ಬಿಡುವುದಿಲ್ಲ. ಇವಳು ವಾಪಸ್ ಹೋಗುವವಳಲ್ಲ ಎಂದು ಅಮೆರಿಕದವರ ಲೆಕ್ಕ. ನಮ್ಮ ಎರಡೂ ಮನೆಯವರು ಪಂಚಾಂಗ ನೋಡಿದ್ದರೇ ಹೊರತು ಆ ದೇಶದ ಕಾಯದೆ ನೋಡಿರಲಿಲ್ಲ.

ಮದುವೆ ನಡೆದದ್ದು ಪುಣೆಯ ಒಂದು ಮಂಗಲ ಕಾರ್ಯಾಲಯದಲ್ಲಿ. ನಮ್ಮ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ಪರಾತವೆಂಬ ಹಿತ್ತಾಳೆಯ ಅಗಲ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಗೆ ಬಂಗಾರದ ಉಂಗುರ ಕೊಟ್ಟು, ಅದರಿಂದ ಅಕ್ಕಿಯ ಮೇಲೆ ಹೆಸರು ಬರೆಸುತ್ತಾರೆ. ಹೆಸರನ್ನು ಆರಿಸಿದವರು ನನ್ನ ಅತ್ತೆ. ಗಂಡ ನನ್ನ ಪಕ್ಕ ಕೂತು ಒಂದೊಂದೇ ಅಕ್ಷರ ಮೂಡಿಸುತ್ತ ಹೋದರು. ನಾಲ್ಕು ಅಕ್ಷರದ ಹಳೆಯ ಹೆಸರು, ನನ್ನ ಅಜ್ಜಿಯ ಓರಗೆಯವರಿಗೆ ಇಡುತ್ತಿದ್ದಂಥದು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತನಾಲ್ಕು ವರ್ಷ ನನ್ನನ್ನು ಕರೆದ ಹೆಸರು, ಶಾಲೆಯ ಮಸ್ಟರಿನಲ್ಲಿ ದಿನಾ ನಾನು ಸಹಿ ಮಾಡುವ ಹೆಸರು, ಊಟದ ಪಂಕ್ತಿ ಏಳುವುದರೊಳಗೆ ಮುಗಿದುಹೋಯಿತೇ? ಫೋಟೋದವನ ಫ್ಲಾಶ್ ಮಿಂಚಿತು, ಅಷ್ಟರಲ್ಲೇ ನನ್ನ ಕೈ ಹೋಗಿ ಅಕ್ಕಿಯನ್ನು ಸವರಿಬಿಟ್ಟಿತು. ನನ್ನ ಸೋದರತ್ತೆ ನನ್ನ ತೊಡೆ ಚಿವುಟಿದರು. ನನ್ನ ಅತ್ತೆ ಮಾತ್ರ ನಕ್ಕರು.

"ಇರಲಿ ಬಿಡ್ರಿ," ಎಂದರು. "ಅಕ್ಕಿ ಅಳಿಸಿದ್ರ ಹೆಸರ ಅಳಸ್ತದೇನು?"

ನಾಲ್ಕು ದಿನದ ಮೇಲೆ ಸ್ಟುಡಿಯೊದವರು ಎಲ್ಲ ಫೋಟೋಗಳ ಸಣ್ಣ ಪ್ರತಿ ತಂದು, ಆಲ್ಬಮಿಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಮನೆಯಲ್ಲಿ ಬಿಟ್ಟು ಹೋದರು. ಆರಿಸಿದವಳು ನಾನೇ. ಆ ಪರಾತದ ಫೋಟೋವನ್ನು ಬೇಡವಾದವುಗಳ ರಾಶಿಯಲ್ಲಿ ಎಲ್ಲಕ್ಕಿಂತ ಅಡಿಗೆ ಇಟ್ಟೆ.

ಗಂಡನ ಜೊತೆ ಸಿಕ್ಕ ಆ ಕೆಲವು ವಾರ ಚೆನ್ನಾಗಿತ್ತು. ಕೊಂಢವಾ ಬಡಾವಣೆಯಲ್ಲಿದ್ದ ಅತ್ತೆಯ ಮನೆಯ ಗಚ್ಚಿಯ, ಅಂದರೆ ತಾರಸಿಯ ಮೇಲೆ, ಯಾರೂ ಇಲ್ಲದಾಗ, ಅವರು ನನ್ನನ್ನು ನನ್ನ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಹೊಸ ಹೆಸರು ಅವ್ವನ ಸಮಾಧಾನಕ್ಕೆ, ಹಳೆಯದು ನಮ್ಮಿಬ್ಬರ ನಡುವೆ ಎಂದು ನಾನು ಖುಷಿಯಲ್ಲಿದ್ದೆ. ಮದುವೆಯನ್ನು ನೋಂದಾಯಿಸುವಾಗಲೂ ಶಾಲೆ ಬಿಟ್ಟ ದಾಖಲೆಯಲ್ಲಿ ಇದ್ದ ಹಾಗೆ ನನ್ನ ಹೆಸರನ್ನೇ ಬರೆಸಿದೆವು. ಆಮೇಲೆ ಅವರು ಹೋದರು.

ಎರಡು ತಿಂಗಳಾದ ಮೇಲೆ ಒಂದು ರವಿವಾರ ಬೆಳಿಗ್ಗೆ ಓಣಿಯ ಔಷಧದ ಅಂಗಡಿಗೆ ಅವರ ಫೋನು ಬಂತು. ನಮ್ಮ ಮನೆಯಲ್ಲಿ ಆಗ ಫೋನು ಇರಲಿಲ್ಲ.

"ನಿನ್ನ ಅರ್ಜಿ ಕಳಿಸೀನಿ," ಎಂದರು. "ಹೆಸರು ಅವ್ವ ಇಟ್ಟದ್ದ ಬರದೀನಿ. ಪಾಸ್‌ಪೋರ್ಟ್ ನೀ ಅದ ಹೆಸರಿಗೆ ಮಾಡಸು, ಹಳೇ ಹೆಸರನೂ ಅದರಾಗ ನಮೂದ ಮಾಡಸು, ಮರೀಬ್ಯಾಡ."

"ನನ್ನ ಹೆಸರ ಯಾಕ ಬರೀಲಿಲ್ರಿ?"

"ಲಗ್ನ ಆದಮ್ಯಾಲ ಅದ ಅಲ್ಲ ನಿನ್ನ ಹೆಸರು? ಸರಕಾರಿ ಕಾಗದ ಅದು. ಅದರಾಗ ಖರೇ ಹೆಸರ ಬರೀಬೇಕಲ್ಲ."

ಖರೇ ಹೆಸರು! ಗಚ್ಚಿಯ ಮೇಲೆ ಕರೆದದ್ದು ಹಾಗಾದರೆ ಏನು, ಆಟವೇ? ಔಷಧದ ಅಂಗಡಿಯವನು ಕಿವಿ ಇಲ್ಲೇ ಇಟ್ಟುಕೊಂಡು ನಿಂತಿದ್ದನಾದ್ದರಿಂದ ಜಗಳವಾಡಲಿಲ್ಲ. "ಹೂಂ," ಎಂದು ಫೋನಿಟ್ಟೆ. ಮರುವಾರ ಪಾಸ್‌ಪೋರ್ಟಿನ ಫಾರ್ಮ್ ತಂದು, ನನ್ನ ಹಳೆಯ ಹೆಸರನ್ನು ದಪ್ಪ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ. ಅರ್ಜಿಯನ್ನು ಅವರೇ ತಿದ್ದಿಕೊಳ್ಳಲಿ ಎಂದು ಮನಸ್ಸಿನಲ್ಲಿ ಹಟ. ಪಾಸ್‌ಪೋರ್ಟ್ ಬಂತು. ಯಾವ ಹೆಸರಿಗೆ ಬಂತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲು ಸಿಟ್ಟಿನಿಂದ ಹೇಳಲಿಲ್ಲ, ಆಮೇಲೆ ಹೆದರಿಕೆಯಿಂದ, ಇನ್ನೂ ಆಮೇಲೆ ಅದು ನಿಜಕ್ಕೂ ಮರೆತೇಹೋಯಿತು.

ಅತ್ತೆ ಕೊಂಢವಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಒಬ್ಬರೇ ನಿಂತು ನಡೆಸಿದ ಗಿರಣಿ. ಅಲ್ಲಿ ಹೊಸ ಕಟ್ಟಡಗಳ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ಹೆಣ್ಣುಮಕ್ಕಳು ಜೋಳ ತರುತ್ತಿದ್ದರು, ಓಣಿಯ ಮರಾಠಿಯವರು ಗೋದಿ ತರುತ್ತಿದ್ದರು. ಅತ್ತೆಯ ರೆಪ್ಪೆಯ ಮೇಲೂ ಹಿಟ್ಟು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಡಬ್ಬಿಗಳನ್ನು ಸರತಿಯಲ್ಲಿ ಇಡುತ್ತಿದ್ದೆ. ಅತ್ತೆ ನನ್ನನ್ನು ಅಕ್ಕಿಯ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರಿನಿಂದ ಕರೆಯುವವರು ಜಗತ್ತಿನಲ್ಲಿ ಅವರೊಬ್ಬರೇ. ಕರೆಯುವುದೆಂದರೆ ಸುಮ್ಮನೆ ಕರೆಯುವುದಲ್ಲ, ಗಿರಣಿಯ ಗದ್ದಲವನ್ನೂ ಮೀರಿ ಗಂಟಲು ಬಿಚ್ಚಿ ಒದರುವುದು. ಕೆಲಸವಿದ್ದರೂ ಒದರುವುದು, ಇಲ್ಲದಿದ್ದರೂ ಒದರುವುದು. ಎಷ್ಟೋ ಸಲ ನಾನು ಅವರ ಮೊಣಕೈಗೆ ತಾಗಿ ನಿಂತಿರುತ್ತಿದ್ದೆ, ಆಗಲೂ ಓಣಿಗೆಲ್ಲ ಕೇಳುವ ಹಾಗೆ ಕರೆಯುತ್ತಿದ್ದರು. ನಾನು ಮೂರನೆಯ ಸಲಕ್ಕೆ ಮೊದಲು ಓಗೊಡುತ್ತಿರಲಿಲ್ಲ. ಅವರು ಬೇಸರಿಸಿಕೊಳ್ಳದೆ ಮೂರೂ ಸಲ ಕರೆಯುತ್ತಿದ್ದರು. ಇದೊಂದು ಬಿಟ್ಟರೆ ನಮ್ಮಿಬ್ಬರದು ಚೆನ್ನಾಗಿಯೇ ಹೊಂದಿಕೊಂಡಿತ್ತು.

ಅಮೆರಿಕದ ಸರಕಾರ ತಿಂಗಳಿಗೊಮ್ಮೆ ಒಂದು ತಾರೀಖು ಪ್ರಕಟಿಸುತ್ತಿತ್ತು. ಆ ತಾರೀಖಿಗೆ ಮೊದಲು ಅರ್ಜಿ ಹಾಕಿದವರ ಸರತಿ ಬಂತು ಎಂದು ಅರ್ಥ. ಗಂಡ ರವಿವಾರದ ಫೋನಿನಲ್ಲಿ, ಊಟ ಆಯಿತೇ ಎಂದು ಕೇಳುವುದಕ್ಕೂ ಮೊದಲು, "ಈ ಸಲ ಎರಡು ವಾರ ಮುಂದ ಬಂದದ ನೋಡು," ಎನ್ನುತ್ತಿದ್ದರು. ಕೆಲವು ತಿಂಗಳು ಒಂದು ವಾರವಷ್ಟೇ ಮುಂದೆ. ಕೆಲವು ತಿಂಗಳು ಇದ್ದಲ್ಲೇ. ಒಂದು ಸಲ ಹಿಂದಕ್ಕೂ ಹೋಯಿತು. ತಾರೀಖು ಹಿಂದಕ್ಕೆ ಹೋಗಬಹುದು ಎಂಬುದೇ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅವತ್ತು ಮಕ್ಕಳ ಮಗ್ಗಿ ಒಪ್ಪಿಸಿಕೊಳ್ಳುವಾಗ ಸುಮ್ಮಸುಮ್ಮನೆ ಇಬ್ಬರಿಗೆ ಗದರಿದೆ. ಓಣಿಯಲ್ಲಿ ಎದುರಾದವರೆಲ್ಲ, "ಅಗಂ, ಕಧೀ ಜಾಣಾರ ತೂ?" ಎಂದು ಯಾವಾಗ ಹೋಗುತ್ತೀ ಅಂತ ಕೇಳುವುದು. ಮೊದಲ ವರ್ಷ ನಗುತ್ತ ಉತ್ತರಿಸಿದೆ, ಎರಡನೆಯ ವರ್ಷ ನಗದೆ ಉತ್ತರಿಸಿದೆ, ಮೂರನೆಯ ವರ್ಷ ಬೇರೆ ಓಣಿಯಿಂದ ಬಸ್ ಸ್ಟಾಪಿಗೆ ಹೋಗತೊಡಗಿದೆ.

ಅವರು ನಡುವೆ ಎರಡು ಸಲ ಬಂದು ಹೋದರು. ಎರಡನೆಯ ಸಲ ಬಂದಾಗ ಮೊದಲ ಮೂರು ದಿನ ಇಬ್ಬರಿಗೂ ಏನು ಮಾತಾಡಬೇಕು ಎಂದೇ ತಿಳಿಯಲಿಲ್ಲ. ನಾಲ್ಕನೆಯ ದಿನ ತಿಳಿಯಿತು, ಅಷ್ಟರಲ್ಲಿ ಅವರ ಒಂದು ವಾರದ ರಜೆ ಮುಗಿಯುತ್ತ ಬಂದಿತ್ತು. ನನಗೆ ಅಮೆರಿಕದ ಆಸೆ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಮನೆಯಲ್ಲಿ ಇಬ್ಬರ ತಾಟು ಒಟ್ಟಿಗೆ ಹಾಕುವುದು, ಆಮೇಲೆ ಒಂದು ಮಗು. ಮೂವತ್ತು ಹತ್ತಿರ ಬರುತ್ತಿತ್ತು. ಆ ತಾರೀಖು ನಮ್ಮ ಅರ್ಜಿಯನ್ನು ಮುಟ್ಟುವುದರೊಳಗೆ ನನಗೆ ಮಗುವಾಗುವ ವಯಸ್ಸು ದಾಟಿಬಿಡುತ್ತದೇನೋ ಎಂದು ಹೆದರಿಕೆಯಾಗುತ್ತಿತ್ತು.

ಕೊನೆಗೂ ಮುಟ್ಟಿತು. ಆಗ ಹೊಸ ಶತಮಾನ ಕಾಲಿಟ್ಟಿತ್ತು, ಔಷಧದ ಅಂಗಡಿಯ ಪಕ್ಕ ಇಂಟರ್ನೆಟ್ ಅಂಗಡಿಯೂ ಬಂದಿತ್ತು. ಮುಂಬೈನ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ಕರೆ ಬಂತು. ಗಾಜಿನ ಕಿಟಕಿಯ ಆಚೆ ಕೂತಿದ್ದ ಅಧಿಕಾರಿ ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ಅವಳ ಇಂಗ್ಲಿಷನ್ನು ನನಗೆ ಮರಾಠಿಯಲ್ಲಿ ಹೇಳಲು ಇನ್ನೊಬ್ಬ ಮಧ್ಯವಯಸ್ಸಿನ ಹೆಂಗಸು ಪಕ್ಕದಲ್ಲಿ ನಿಂತಿದ್ದರು. ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿದಳು, ಫೈಲು ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. ಏನೋ ಕೇಳಿದಳು. ದುಭಾಷಿ ನನ್ನ ಕಡೆ ತಿರುಗಿದರು.

"ಅರ್ಜಿಯಲ್ಲಿ ಹೆಂಡತಿಯ ಹೆಸರು ಒಂದಿದೆ, ಪಾಸ್‌ಪೋರ್ಟಿನಲ್ಲಿ, ಮದುವೆಯ ದಾಖಲೆಯಲ್ಲಿ ಇನ್ನೊಂದಿದೆ. ನಿಮ್ಮ ಗಂಡನಿಗೆ ಎಷ್ಟು ಜನ ಹೆಂಡತಿಯರು ಎಂದು ಕೇಳುತ್ತಿದ್ದಾರೆ."

ಆಗ ನೆನಪಾಯಿತು ನನಗೆ, ದಪ್ಪ ದಪ್ಪ ಅಕ್ಷರದಲ್ಲಿ ಬರೆದ ಆ ಫಾರ್ಮು. ಅಕ್ಕಿ, ಉಂಗುರ, ಅತ್ತೆ ಎಂದು ಏನೇನೋ ತೊದಲಿದೆ. ಅಧಿಕಾರಿ ಕೇಳಿಸಿಕೊಂಡಳು, ಆದರೆ ತಲೆ ಆಡಿಸಿ ಒಂದು ಬಣ್ಣದ ಚೀಟಿ ಬರೆದುಕೊಟ್ಟಳು. ಎರಡೂ ಹೆಸರು ಒಬ್ಬಳದೇ ಎನ್ನುವುದಕ್ಕೆ ಪುರಾವೆ ತರಬೇಕು. ಈಗ ಬರೆಸಿ ತಂದ ಕಾಗದ ನಡೆಯುವುದಿಲ್ಲ, ಮದುವೆಯ ಕಾಲದ್ದೇ ಆಗಬೇಕು. ತರದಿದ್ದರೆ ಈ ಅರ್ಜಿ ಮುಗಿದ ಹಾಗೆ, ಗಂಡ ಹೊಸದಾಗಿ ಹಾಕಬೇಕು. ಹೊಸದಾಗಿ ಎಂದರೆ ಸರತಿಯ ಕೊನೆಗೆ ಹೋಗಿ ನಿಲ್ಲುವುದು, ಇನ್ನೊಂದು ಐದು ವರ್ಷ.

ಮನೆಗೆ ಬಂದು ಅತ್ತೆಗೆ ಹೇಳಿದೆ, ಅರ್ಧ ಮಾತ್ರ. ಅರ್ಜಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು ಹೆಸರು ಆಗಿಬಿಟ್ಟಿದೆ ಎಂದೆ. ರವಿವಾರ ಫೋನು ಬಂದಾಗ ಅತ್ತೆ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡರು.

"ಲೇ ಹುಚ್ಚಪ್ಪಾ, ಅರ್ಜಿ ತುಂಬೂ ಮುಂದ ಇಕಿನ್ನ ಒಂದ ಮಾತ ಕೇಳಬಾರದಿತ್ತೇನ? ಯಾವ ಹೆಸರ ಬರೀಲಿ ಅಂತ ಕೇಳಬಾರದಿತ್ತೇನ? ಐದು ವರ್ಷ ಈ ಹುಡುಗಿ ಇಲ್ಲಿ ಕೂತು ಸವದಾಳ, ನಿಂಗ ಅಷ್ಟೂ ತಿಳ್ಯಾಂಗಿಲ್ಲೇನ?"

ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಈಗ ಹೇಳುತ್ತಾರೆ, ಅವ್ವಾ ನಾನು ಹೇಳಿದ್ದೆ, ಅವಳೇ ಮಾಡಿಸಲಿಲ್ಲ ಎಂದು ಹೇಳುತ್ತಾರೆ ಎಂದು ಕಿವಿಗೊಟ್ಟೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು. "ಹೌದವ್ವಾ. ನಂದ ತಪ್ಪಾತು," ಎಂದರು. ಅಷ್ಟೇ. ಆಮೇಲೆ ರಿಸೀವರ್ ನನ್ನ ಕೈಗೆ ಬಂದಾಗಲೂ ಆ ಮಾತು ಎತ್ತಲಿಲ್ಲ. "ನೀ ಗಾಬರಿ ಆಗಬ್ಯಾಡ, ಏನರ ಹಾದಿ ಸಿಗ್ತದ," ಎಂದು ನನಗೇ ಸಮಾಧಾನ ಹೇಳಿದರು. ನನಗೆ ಅವತ್ತು ಆದಷ್ಟು ನಾಚಿಕೆ ಜೀವನದಲ್ಲಿ ಮತ್ತೆ ಯಾವತ್ತೂ ಆಗಿಲ್ಲ. ಈ ಮನುಷ್ಯನ ಜೊತೆ ಇರಬೇಕು, ಇವರನ್ನು ಬಿಟ್ಟು ಇನ್ನು ಒಂದು ವರ್ಷವೂ ಆಗುವುದಿಲ್ಲ ಎಂದು ಗಟ್ಟಿಯಾಗಿ ಅನ್ನಿಸಿದ್ದೂ ಅವತ್ತೇ.

ಪುರಾವೆ ಹುಡುಕಲು ಹೊರಟೆ. ಮದುವೆಯ ಆಮಂತ್ರಣದಲ್ಲಿ ಹಳೆಯ ಹೆಸರು. ರೇಷನ್ ಕಾರ್ಡಿನಲ್ಲಿ ಹಳೆಯ ಹೆಸರು. ಆಮಂತ್ರಣ ಬಿಟ್ಟರೆ ಎಲ್ಲ ಕಡೆಯೂ ನಾನೇ ಹಟ ಹಿಡಿದು ಬರೆಸಿದ್ದೆ, ಅಷ್ಟು ಚೊಕ್ಕ ಕೆಲಸ ನನ್ನದು. ಹೊಸ ಹೆಸರು ಬರೆದದ್ದು ಒಂದೇ ಕಡೆ, ಅಕ್ಕಿಯ ಮೇಲೆ, ಅದನ್ನೂ ಅಳಿಸಿದವಳು ನಾನೇ. ಆಗ ಆ ಫೋಟೋ ನೆನಪಾಯಿತು. ಪುಣೆಯ ಕ್ಯಾಂಪ್ ಪ್ರದೇಶದಲ್ಲಿದ್ದ ಆ ಸ್ಟುಡಿಯೊಗೆ ಓಡಿದೆ. ಅಲ್ಲಿ ಈಗ ಝೆರಾಕ್ಸ್ ಅಂಗಡಿ. ಸ್ಟುಡಿಯೊದವರು ಊರು ಬಿಟ್ಟಿದ್ದರು, ಹಳೆಯ ನೆಗೆಟಿವ್‌ಗಳನ್ನೆಲ್ಲ ರದ್ದಿಯವನಿಗೆ ಹಾಕಿದ್ದರಂತೆ.

ಅಲ್ಲಿಂದ ನೇರ ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ಯಂತ್ರ ನಿಲ್ಲಿಸಿದರು. ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದ ಇಬ್ಬರು ಹೆಂಗಸರನ್ನು ಆಮೇಲೆ ಬರ್ರಿ ಎಂದು ಕಳಿಸಿದರು.

"ಏನಾತವಾ?"

"ಪರಾತದ ಫೋಟೋ ಒಂದಿತ್ರಿ ಅತ್ತಿ. ಹೆಸರು ಬರದದ್ದು. ಅದು ಸಿಕ್ಕಿದ್ರ ಎಲ್ಲಾ ಸರಿಹೋಗ್ತಿತ್ತು. ಆಗ ನಾನ ಬ್ಯಾಡ ಅಂತ ತಗದಿಟ್ಟೆ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು, ಸ್ಟೂಲ್ ಎಳೆದುಕೊಂಡು ಹತ್ತಿದರು. ಗಿರಣಿಯ ಗೋಡೆಯ ಮೇಲೆ ದೇವರ ಪಟ ಒಂದಿತ್ತು. ಅದರ ಹಿಂದೆ ಕೈ ಹಾಕಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. ಹಿಟ್ಟಿನ ಪದರ ಕೊಡವಿದೆ. ಒಳಗೆ ಪರಾತ, ಅಕ್ಕಿ, ಅಕ್ಕಿಯಲ್ಲಿ ನಾಲ್ಕೂ ಅಕ್ಷರ ಸ್ವಚ್ಛವಾಗಿ. ಅಂಚಿನಲ್ಲಿ ಬಳೆ ತೊಟ್ಟ ನನ್ನ ಕೈ, ಅಳಿಸಲು ಹೊರಟಿದ್ದು. ಫೋಟೋದ ಹಿಂಬದಿಗೆ ಸ್ಟುಡಿಯೊದ ಸಿಕ್ಕೆ, ತಾರೀಖು.

"ನಿಮ್ಮ ಹತ್ರ ಹೆಂಗ ಬಂತ್ರಿ ಇದು?"

"ನೀ ಬ್ಯಾಡ ಅಂದಿ. ನಾ ಬೇಕಂದೆ," ಎಂದು ಯಂತ್ರದ ಗುಂಡಿ ಒತ್ತಿದರು. ಅದರ ಸದ್ದಿನಲ್ಲಿ ಮುಂದಿನದು ಕೇಳಲು ಆಗಲಿಲ್ಲ, ನನಗೂ ಆಗ ಕೇಳುವ ವ್ಯವಧಾನ ಇರಲಿಲ್ಲ. ಅಷ್ಟು ಖುಷಿಯಾಗಿತ್ತು.

ಎರಡನೆಯ ಸಲ ಮುಂಬೈಗೆ ಅತ್ತೆಯೂ ಬಂದರು. ಗಿರಣಿಗೆ ಬೀಗ ಹಾಕಿ, ಬುತ್ತಿ ಕಟ್ಟಿಕೊಂಡು, ಬೆಳಗಿನ ಗಾಡಿಗೆ. ಅವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ರಸ್ತೆಯ ಆಚೆ, ಸಮುದ್ರದ ಕಡೆಯ ಕಟ್ಟೆಯ ಮೇಲೆ ಕೂರಿಸಿ ಹೋದೆ.

ಅದೇ ಅಧಿಕಾರಿ, ಅದೇ ದುಭಾಷಿ. ಫೋಟೋ ನೋಡಿದ ಕೂಡಲೇ ದುಭಾಷಿಯ ಮುಖ ಅರಳಿತು. ಅಧಿಕಾರಿಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿ, ನನಗೆ ಮೆಲ್ಲಗೆ, "ಆಮ್ಚ್ಯಾಕಡೇ ಪಣ," ಎಂದರು. ನಮ್ಮಲ್ಲಿಯೂ ಹೀಗೇ. ಆದರೆ ಅಕ್ಕಿಯ ಮೇಲಿನ ಅಕ್ಷರ ಕನ್ನಡದ್ದು, ಅವರಿಗೆ ಓದಲು ಬರದು. ಅಧಿಕಾರಿ ಸ್ವಲ್ಪ ಯೋಚಿಸಿ, ಕಿಟಕಿಯ ಕೆಳಗಿನ ಸಂದಿಯಿಂದ ಒಂದು ಬಿಳಿ ಹಾಳೆ, ಪೆನ್ನು ತಳ್ಳಿದಳು. ಫೋಟೋವನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಅರ್ಜಿಯಲ್ಲಿರುವ ಹೆಸರನ್ನು ನಿಮ್ಮ ಲಿಪಿಯಲ್ಲಿ ಬರೆಯಿರಿ ಎಂದಳು.

ಆ ಹೆಸರನ್ನು ನಾನು ಅವತ್ತಿನ ತನಕ ಒಮ್ಮೆಯೂ ಬರೆದಿರಲಿಲ್ಲ. ಮೂರನೆಯ ಇಯತ್ತೆಯ ಮಕ್ಕಳಿಗೆ ಬರೆಸುವ ಹಾಗೆ ದೊಡ್ಡದಾಗಿ, ದುಂಡಗೆ ಬರೆದೆ. ಅಧಿಕಾರಿ ಹಾಳೆಯನ್ನು ಫೋಟೋದ ಪಕ್ಕ ಇಟ್ಟು, ಬೆರಳು ಇಟ್ಟು ಇಟ್ಟು, ಒಂದೊಂದೇ ಅಕ್ಷರದ ಆಕಾರ ಹೋಲಿಸಿದಳು. ನಾಲ್ಕೂ ಹೊಂದಿದವು. ಆಮೇಲೆ ಅವಳ ಬೆರಳು ಫೋಟೋದ ಅಂಚಿಗೆ ಬಂದು ನಿಂತಿತು.

"ಈ ಕೈ ಯಾರದು ಎಂದು ಕೇಳುತ್ತಿದ್ದಾರೆ," ಎಂದರು ದುಭಾಷಿ.

"ನನ್ನದು."

"ಏನು ಮಾಡುತ್ತಿದೆ?"

ಆಶೀರ್ವಾದ ತೆಗೆದುಕೊಳ್ಳುತ್ತಿದೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸುಳ್ಳಿನಿಂದ, ಅರ್ಧ ಮಾತಿನಿಂದ ಆಗಲೇ ಬೇಕಾದಷ್ಟು ಆಗಿಹೋಗಿತ್ತು.

"ಅಳಿಸುತ್ತಿದೆ," ಎಂದೆ. "ನನಗೆ ಆ ಹೆಸರು ಹಿಡಿಸಲಿಲ್ಲ. ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಪಾಸ್‌ಪೋರ್ಟನ್ನೂ ಹಳೆಯ ಹೆಸರಿಗೆ ಮಾಡಿಸಿದೆ. ಗಂಡ ಸರಿಯಾಗಿಯೇ ಹೇಳಿದ್ದರು, ನಾನು ಕೇಳಲಿಲ್ಲ."

ದುಭಾಷಿ ಅದನ್ನು ಹೇಳಿ ಮುಗಿಸುವ ಮೊದಲೇ ಅಧಿಕಾರಿ ನಕ್ಕುಬಿಟ್ಟಳು. ಕುರ್ಚಿಗೆ ಒರಗಿ ನಕ್ಕಳು. ಸುಳ್ಳು ಮದುವೆಯವರು ನಗುವ ಫೋಟೋ ತರುತ್ತಾರೆ, ಇಂಥದನ್ನು ಯಾರೂ ತರುವುದಿಲ್ಲ ಎಂದಳಂತೆ. ಈಗಲಾದರೂ ಹೆಸರು ಹಿಡಿಸಿತೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಅವಳು ಸಹಿ ಮಾಡಿ, ಮಧ್ಯಾಹ್ನ ಬಂದು ಲಕೋಟೆ ತೆಗೆದುಕೊಂಡು ಹೋಗಿ ಎಂದಳು. ನಾನು ಬರೆದ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಫೋಟೋ ಫೈಲಿನೊಳಗೆ ಹೋಯಿತು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಅತ್ತೆ ಕಟ್ಟೆಯಿಂದ ಎದ್ದು ನಿಂತಿದ್ದರು.

"ಕೊಟ್ರೇನು?"

"ಕೊಟ್ರರಿ," ಎಂದೆ. ಅವರು ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಎದೆಯ ಮೇಲಿಂದ ದೊಡ್ಡ ಚೀಲ ಇಳಿಸಿದ ಹಾಗಾಗಿ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, "ಫೋಟೋ ಎಲ್ಲೆದ?" ಎಂದರು. ಅದನ್ನು ಅವರೇ ಇಟ್ಟುಕೊಂಡರು ಎಂದೆ. "ಹೌದಾ," ಎಂದು ಸಮುದ್ರದ ಕಡೆ ನೋಡುತ್ತ ಕೂತರು.

ಮಧ್ಯಾಹ್ನ ಲಕೋಟೆ ಕೈಗೆ ಬಂದ ಮೇಲೆ ಎಸ್.ಟಿ.ಡಿ. ಬೂತಿನಿಂದ ಅಮೆರಿಕಕ್ಕೆ ಫೋನು ಮಾಡಿದೆ. ಗಂಡ ನಿದ್ದೆಯಿಂದ ಎದ್ದು ಎತ್ತಿಕೊಂಡರು. ಸಿಕ್ಕಿತು ಎಂದೆ. "ಯಾವ ಹೆಸರಿಗೆ ಕೊಟ್ರು?" ಎಂದರು. ಇಬ್ಬರೂ ನಕ್ಕೆವು. ಐದು ವರ್ಷದಲ್ಲಿ ಫೋನಿನಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ವಾಪಸ್ ಬರುವ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಲೋಣಾವಳಾದಲ್ಲಿ ಅತ್ತೆ ಚಿಕ್ಕಿ ಕೊಂಡರು. ಗಾಡಿ ಹೊರಟ ಮೇಲೆ ನಾನು ಧೈರ್ಯ ಮಾಡಿದೆ. ಪರದೇಶದ ಅಧಿಕಾರಿಗೆ ಹೇಳಿದ್ದನ್ನು ಇವರಿಗೆ ಹೇಳದೆ ಹೋದರೆ ಹೇಗೆ?

"ಅತ್ತಿ, ಒಂದ ಮಾತ ಹೇಳಬೇಕರಿ. ತಪ್ಪು ಅವರದಲ್ಲ. ಪಾಸ್‌ಪೋರ್ಟ್ ಆ ಹೆಸರಿಗೆ ಮಾಡಸು ಅಂತ ಅವರು ಮೊದಲ ಹೇಳಿದ್ರು. ನಾನ ಸಿಟ್ಟಿಗೆದ್ದು ಮಾಡಸಲಿಲ್ಲ."

ಅತ್ತೆ ಚಿಕ್ಕಿ ಮುರಿಯುತ್ತಿದ್ದರು. "ಗೊತ್ತದ," ಎಂದರು.

"ಹೆಂಗ್ರಿ?"

"ಅಂವ ನನ್ನ ಬೈಗಳಾ ಸುಮ್ಮನ ತಿನ್ನಾಂವಲ್ಲ. ಅವತ್ತ ತಿಂದಾ. ಹೆಂಡತಿ ಸಲುವಾಗಿ ತಿಂದಾನ ಅಂತ ಅವಾಗ ತಿಳೀತು."

"ಮತ್ತ ನನಗ ಯಾಕ ಬೈಲಿಲ್ರಿ?"

ಅವರು ಚಿಕ್ಕಿಯ ತುಂಡನ್ನು ನನ್ನ ಕೈಗೆ ಇಟ್ಟರು. ತಾವು ತಿನ್ನಲಿಲ್ಲ.

"ನಿಂಗ ಬೈಲಿಕ್ಕೆ ನಂಗ ಬಾಯಿ ಎಲ್ಲೆದ? ಆ ಹೆಸರು ನಂದವಾ. ಲಗ್ನಕ್ಕ ಮೊದಲ ನಂದು ಅದ ಹೆಸರಿತ್ತು. ಹದಿನಾಲ್ಕು ವರ್ಷದಾಕಿ ಇದ್ದೆ, ನಂಗೂ ಪರಾತದಾಗ ಬ್ಯಾರೆ ಹೆಸರ ಬರದ್ರು. ನಿನ್ನಂಗ ಅಳಸಲಿಕ್ಕೆ ನಂಗೆಲ್ಲಿ ಧೈರ್ಯ. ಅಪ್ಪ ಅವ್ವ ಇರೂತನಕ ತವರಿಗೆ ಹೋದಾಗ ಕರೀತಿದ್ರು. ಅವರು ಹೋದ್ರು, ಹೆಸರೂ ಹೋತು. ಸೊಸಿ ಬಂದಮ್ಯಾಲ ಅಕಿಗಿಟ್ಟು ದಿನಾ ಬಾಯಿತುಂಬ ಕರೀಬೇಕಂತ ಮಾಡಿದ್ದೆ. ನಿಂದೂ ಒಂದ ಹೆಸರು ಇರ್ತದ, ಅದನ್ನ ಕಸಗೋತೀನಿ ಅಂತ ನಂಗ ಹೊಳೀಲೇ ಇಲ್ಲ. ನೀ ಅಕ್ಕಿ ಅಳಿಸಿದಾಗ ಹೊಳೀತು, ಆದ್ರೂ ಕರಿಯೂ ಆಶಾ ಬಿಡಲಿಲ್ಲ."

ಗಾಡಿ ಕಾಮಶೇತ್ ದಾಟುತ್ತಿತ್ತು. ಹೊರಗೆ ಹಸಿರು ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು.

"ಆ ಫೋಟೋ?" ಎಂದೆ.

"ನಾ ಸಾಲಿಗೆ ಹೋದಾಕಿ ಅಲ್ಲ. ನನ್ನ ಹೆಸರ ಯಾರೂ ಎಲ್ಲೂ ಬರದದ್ದಿಲ್ಲ. ಅದೊಂದ ಕಡೆ ಇತ್ತು, ಅದೂ ನನ್ನ ಮಗನ ಕೈಲೆ ಬರದದ್ದು." ಆಮೇಲೆ ನಕ್ಕು, "ಇರಲಿ ಬಿಡು, ಅಮೆರಿಕದವರ ಕಪಾಟಿನಾಗರ ಕೂತದ," ಎಂದರು.

ನಾನು ವರ್ಷಗಟ್ಟಲೆ ಮೂರನೆಯ ಸಲ ಕರೆಯುವ ತನಕ ಓಗೊಡದೆ ನಿಂತದ್ದು ನೆನಪಾಯಿತು. ಚೀಲದ ಬಾಯಿ ಬಿಚ್ಚಿ, ಮಡಿಚಿಟ್ಟಿದ್ದ ಬಿಳಿ ಹಾಳೆ ತೆಗೆದು ಅವರ ತೊಡೆಯ ಮೇಲೆ ಬಿಡಿಸಿದೆ. ದೊಡ್ಡ, ದುಂಡನೆಯ ನಾಲ್ಕು ಅಕ್ಷರ. ಅತ್ತೆ ಸೆರಗಿನಿಂದ ಬೆರಳು ಒರೆಸಿಕೊಂಡು ಅವುಗಳ ಮೇಲೆ ಮೆಲ್ಲಗೆ ಆಡಿಸಿದರು. ಫೋಟೋದಲ್ಲಿ ನೋಡಿ ನೋಡಿ ಆ ಆಕಾರ ಅವರಿಗೆ ಬಾಯಿಪಾಠವಾಗಿತ್ತು.

"ಓದು," ಎಂದರು.

ದಿನಾ ಬೆಳಿಗ್ಗೆ ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ಎದುರಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ನಾನು ಆ ಹೆಸರನ್ನು ಕರೆದೆ.

"ಓ," ಎಂದರು ಅತ್ತೆ. ಮೊದಲ ಸಲಕ್ಕೇ ಎಂದರು.

ಗಾಡಿ ದೇಹೂ ರೋಡ್ ದಾಟುವುದರೊಳಗೆ ಇನ್ನೂ ನಾಲ್ಕು ಸಲ ಕರೆದೆ. ನಾಲ್ಕು ಸಲವೂ ಅವರು ಓ ಎಂದರು.